ಹಾಳೆ ತಟ್ಟೆಗೆ ಎಷ್ಟು ಕ್ರಯ ಹೇಳಬೇಕು? ಸಣ್ಣ ಘಟಕದ ವೆಚ್ಚ ಲೆಕ್ಕ

ವೆಚ್ಚ ಲೆಕ್ಕದ ಪಾಠದಲ್ಲಿ ಬರುವ ಉದಾಹರಣೆಗಳೆಲ್ಲ ದೊಡ್ಡ ಕಾರ್ಖಾನೆಯವು. ಒಂದು ಸಲಕ್ಕೆ ನೂರೋ ಐನೂರೋ ಮಾಡುವವರ ಕಷ್ಟ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ನಮ್ಮ ಕಾಸರಗೋಡಿನ ಹಾಳೆ ತಟ್ಟೆಯನ್ನೇ, ಅಂದರೆ ಅಡಿಕೆ ಮರದ ಹಾಳೆಯನ್ನು ಮಿಶನಿನಲ್ಲಿ ಒತ್ತಿ ಮಾಡುವ ತಟ್ಟೆಯನ್ನೇ ಹಿಡಿದು ನೋಡೋಣ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ ತೋಟಕ್ಕೇನೂ ಬರವಿಲ್ಲ. ಕೇರಳದಲ್ಲಿ 2020ರ ಜನವರಿ 1ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗೆ ನಿಷೇಧವೂ ಇದೆ. ಇನ್ನುಳಿದದ್ದು ಕ್ರಯದ ಪ್ರಶ್ನೆ.

ಕೆಳಗಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನೇ ಹಿಡಿದವು. ನಿಮ್ಮೂರಿನ ದರ ಹಾಕಿ ಮತ್ತೆ ಮಾಡಿ ನೋಡಿ.

ಒಂದು ದಿನದ ಲೆಕ್ಕ

12 ಇಂಚಿನ ತಟ್ಟೆ. 550 ಹಾಳೆ ನೆನೆಹಾಕಿದ್ದೇವೆ, ಒಂದಕ್ಕೆ 2 ರೂಪಾಯಿಯಂತೆ 1,100. ಇಬ್ಬರ ಕೂಲಿ 1,200. ಕರೆಂಟಿಗೆ 200, ಪ್ಯಾಕಿಂಗಿಗೆ 180. ಮಿಶನಿಗೆ 90,000 ಕೊಟ್ಟಿದ್ದು 5 ವರ್ಷ ಬಾಳುತ್ತದೆ, ವರ್ಷಕ್ಕೆ 150 ದಿನ ಓಡುತ್ತದೆ ಅಂದರೆ ದಿನಕ್ಕೆ 120. ಶೆಡ್ಡಿನ ಬಾಡಿಗೆ ತಿಂಗಳಿಗೆ 1,500, ವರ್ಷಕ್ಕೆ 18,000. ಅದನ್ನೂ 150 ದಿನಕ್ಕೆ ಹಂಚಿದರೆ ಮತ್ತೆ 120. ಒಟ್ಟು 2,920 ರೂಪಾಯಿ.

ಬಾಡಿಗೆಯನ್ನು 365ರಿಂದ ಯಾಕೆ ಭಾಗಿಸಬಾರದು ಅಂತ ಕೇಳಬಹುದು. ಮಳೆಗಾಲದಲ್ಲಿ ಹಾಳೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಮಿಶನು ಸುಮ್ನೆ ಕೂತಿರುತ್ತದೆ. ಬಾಡಿಗೆ ಕೂರುವುದಿಲ್ಲವಲ್ಲ! ಜೂನ್‌, ಜುಲೈ ತಿಂಗಳ ಬಾಡಿಗೆಯನ್ನೂ ಬೇಸಗೆಯ ತಟ್ಟೆಯೇ ದುಡಿದು ಕೊಡಬೇಕು. ಬೇಸಗೆಯಲ್ಲೇ ಹಾಳೆ ಕೂಡಿಟ್ಟು ಮಳೆಗಾಲದಲ್ಲೂ ಓಡಿಸುವವರಿಗೆ ದಿನಗಳು ಜಾಸ್ತಿ ಸಿಗುತ್ತವೆ, ನಿಜ. ಆದರೆ ಆ ದಾಸ್ತಾನಿಗೆ ಹಾಕಿದ ದುಡ್ಡಿನ ಬಡ್ಡಿಯನ್ನು ಸೇರಿಸಬೇಕಾಗುತ್ತದೆ.

ಈಗ 2,920ನ್ನು ಎಷ್ಟರಿಂದ ಭಾಗಿಸುವುದು? ಪರೀಕ್ಷೆಯಲ್ಲೂ ಪೇಟೆಯಲ್ಲೂ ಹೆಚ್ಚಿನವರು ಎಡವುವುದು ಇಲ್ಲೇ. ಒತ್ತಿದ್ದು 550, ಆದರೆ ಒಂದಿಷ್ಟು ನಾರಿನ ಗುಂಟ ಸೀಳಿರುತ್ತವೆ, ಕೆಲವಕ್ಕೆ ಕಪ್ಪು ಚುಕ್ಕೆ. ಡೈ (ತಟ್ಟೆ ಒತ್ತುವ ಬಿಸಿ ಅಚ್ಚು) ಜಾಸ್ತಿ ಕಾದರೆ ತಳ ಕಂದಾಗುತ್ತದೆ. ಹೀಗೆ 50 ಹೋಯಿತು ಅಂತಿಟ್ಟುಕೊಳ್ಳಿ. ಮಾರಾಟವಾಗುವುದು 500. ಭಾಗಿಸಬೇಕಾದ್ದೂ 500ರಿಂದಲೇ. ಒಂದು ತಟ್ಟೆಯ ಅಸಲು 5.84. ತಪ್ಪಿ 550ರಿಂದ ಭಾಗಿಸಿದರೆ 5.31 ಬರುತ್ತದೆ. ಲಾಭವೇ ಪೈಸೆಗಳಲ್ಲಿರುವ ಕಸುಬಿನಲ್ಲಿ ಈ 53 ಪೈಸೆ ಸಣ್ಣದಲ್ಲ.

ಇನ್ನೂ ದೊಡ್ಡ ಸೋರಿಕೆ ಮನೆಯವರ ದುಡಿಮೆಯದ್ದು. ಇಬ್ಬರ ಕೂಲಿಯಲ್ಲಿ ಒಬ್ಬರು ಘಟಕದ ಯಜಮಾನಿಯೇ ಆಗಿರುತ್ತಾರೆ. "ನನಗೇನು ಸಂಬಳ, ಮನೆಯದ್ದೇ ಕೆಲಸ ಅಲ್ವಾ" ಅಂತ ಆ 600 ಬಿಟ್ಟು, ಮಿಶನು, ಬಾಡಿಗೆ, ಪ್ಯಾಕಿಂಗನ್ನೂ ಬಿಟ್ಟು ಲೆಕ್ಕ ಹಾಕಿದರೆ 1,900ನ್ನು 550ರಿಂದ ಭಾಗಿಸಿ 3.45 ಅನ್ನುತ್ತಾರೆ. ಅಂಥವರು 4.50ಕ್ಕೆ ಮಾರಿ ಒಂದು ರೂಪಾಯಿ ಮಿಕ್ಕಿತು ಅಂದುಕೊಳ್ಳುತ್ತಾರೆ. ನಿಜವಾಗಿ ತಟ್ಟೆಗೆ 1.34 ಕೈಯಿಂದ ಹೋಗುತ್ತಿದೆ. ಪಕ್ಕದ ಘಟಕದಲ್ಲಿ ಸರಿಯಾಗಿ ಕೂಲಿ ಕೊಡುವವರ ಕ್ರಯವನ್ನೂ ಇವರು ಕೆಡಿಸುತ್ತಾರೆ. ನ್ಯಾಯದ ಬೆಲೆ ಅಂದರೆ ಗಿರಾಕಿಗೆ ಕಮ್ಮಿ ಬೆಲೆ ಅಂತ ತಿಳಿಯುವವರಿಗೆ ಈ ಭಾಗ ಕಾಣುವುದೇ ಇಲ್ಲ.

ಸ್ವಂತ ತೋಟದ ಹಾಳೆಗೂ ಇದೇ ನಿಯಮ. ಪಕ್ಕದವರು 2 ರೂಪಾಯಿಗೆ ಕೊಳ್ಳುತ್ತಾರೆ ಅಂದರೆ ಅದರ ವೆಚ್ಚ 2 ರೂಪಾಯಿಯೇ, ಪುಕ್ಕಟೆ ಅಲ್ಲ. ಉಳಿದ ತುಂಡಿನಲ್ಲಿ ಸಣ್ಣ ಬಟ್ಟಲು ಒತ್ತಿ ಮಾರಿದರೆ ಬಂದದ್ದರಲ್ಲಿ ಒತ್ತುವ ಖರ್ಚು ಕಳೆದು, ಮಿಕ್ಕದ್ದನ್ನು ತಟ್ಟೆಯ ಅಸಲಿನಿಂದ ಇಳಿಸಬಹುದು. ದನಕ್ಕೆ ಹಾಕಿದ ತುಂಡನ್ನು ಲೆಕ್ಕದಿಂದ ಬಿಟ್ಟುಬಿಡಿ.

ಸಾವಿರ ತೆಗೊಂಡರೆ ಎಷ್ಟು ಕಮ್ಮಿ?

ಜಾತ್ರೆ, ಬ್ರಹ್ಮಕಲಶ, ಮದುವೆ ಸಮಯದಲ್ಲಿ ಬರುವ ಮೊದಲ ಪ್ರಶ್ನೆ ಇದು. ಉತ್ತರ ಡೈ ಬದಲಿಸುವ ಹೊತ್ತಿನಲ್ಲಿದೆ. ಹಳೆ ಡೈ ಬಿಚ್ಚಿ, ಬೇರೆ ಅಳತೆಯದ್ದು ಕೂರಿಸಿ, ಸರಿಮಾಡಲು 45 ನಿಮಿಷ ಅಂತಿರಲಿ. ದಿನದ ಕೂಲಿ, ಮಿಶನು, ಬಾಡಿಗೆ ಸೇರಿ 1,440. 8 ಗಂಟೆಗೆ ಹಂಚಿದರೆ ಗಂಟೆಗೆ 180, ಮುಕ್ಕಾಲು ಗಂಟೆಗೆ 135. 500 ತಟ್ಟೆಗೆ ಇದು ತಲಾ 27 ಪೈಸೆ, ಮೇಲಿನ 5.84ರೊಳಗೇ ಸೇರಿದೆ. ಬರೇ 100 ತಟ್ಟೆಗೆ ತಲಾ 1.35 ಆಗಿ ಅಸಲು 6.92ಕ್ಕೇರುತ್ತದೆ. 1,000 ಆದರೆ ಸುಮಾರು 5.70.

ಅಂದರೆ ನೂರರಿಂದ ಐನೂರಕ್ಕೆ ಹೋಗುವಾಗ ಒಂದು ರೂಪಾಯಿಗೂ ಜಾಸ್ತಿ ಇಳಿಯುತ್ತದೆ. ಐನೂರರಿಂದ ಸಾವಿರಕ್ಕೆ ಬರೇ 14 ಪೈಸೆ. ಸಾವಿರ ತೆಗೊಳ್ಳುವವರು ಒಂದು ರೂಪಾಯಿ ಇಳಿಸಿ ಅನ್ನುತ್ತಾರೆ. ಅವರಿಗೆ ಕೊಡಬಹುದಾದ ರಿಯಾಯಿತಿ ಈ 14 ಪೈಸೆಯಷ್ಟೇ. ನೂರು ತಟ್ಟೆಯ ಗಿರಾಕಿಗೆ ಜಾಸ್ತಿ ಹೇಳಿದರೂ ಅದು ಸುಲಿಗೆಯಲ್ಲ. ಡೈಯ ಖರ್ಚನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿದರೆ ಮಾತೇ ಬೆಳೆಯುವುದಿಲ್ಲ.

ಅಂಗಡಿಯವರ ಪಾಲು

ನಾವು 7 ರೂಪಾಯಿಗೆ ಕೊಟ್ಟೆವು, ಅಂಗಡಿಯವರು 20 ಶೇಕಡಾ ಕೇಳಿದರು. ಯಾವುದರ ಮೇಲೆ 20? ಕೊಂಡ ಬೆಲೆಯ ಮೇಲಾದರೆ 8.40. ಮಾರುವ ಬೆಲೆಯ ಮೇಲಾದರೆ 7ನ್ನು 0.8ರಿಂದ ಭಾಗಿಸಿ 8.75. ಮಾತಾಡುವಾಗಲೇ ಕೇಳಿಕೊಳ್ಳಿ. ಪ್ಯಾಕೆಟ್ ಮಾಡಿ ಚಿಲ್ಲರೆ ಮಾರುವುದಾದರೆ 2011ರ ಪೊಟ್ಟಣ ಸಾಮಗ್ರಿ ನಿಯಮದಂತೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ಹೆಸರು, ವಿಳಾಸ, ಎಣಿಕೆ, ತಯಾರಾದ ತಿಂಗಳು ಹಾಕಬೇಕು. ಎಂಆರ್‌ಪಿಗಿಂತ ಜಾಸ್ತಿಗೆ ಮಾರುವ ಹಾಗಿಲ್ಲ. ಆದ್ದರಿಂದ ಅಂಗಡಿಯ ಪಾಲು ಮೊದಲೇ ಅದರೊಳಗೆ ಸೇರಿರಲಿ.

ರಫ್ತಿನ ಬೆಲೆ ನೋಡಿ ಇಲ್ಲಿಯ ಕ್ರಯ ಕಟ್ಟುವುದೂ ಅಪಾಯ. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಊಟಕ್ಕೆ ಸೇರಬಹುದೆಂದು ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು.

ಸಾಲಕ್ಕೆ ಕೊಟ್ಟರೆ

30,000 ರೂಪಾಯಿಯ ಬಿಲ್ಲು ಮೂರು ತಿಂಗಳು ತಡವಾಯಿತು, ನಾವು ಬ್ಯಾಂಕಿಗೆ ವರ್ಷಕ್ಕೆ 12 ಶೇಕಡಾ ಬಡ್ಡಿ ಕಟ್ಟುತ್ತಿದ್ದೇವೆ ಅಂದರೆ 900 ಹೋಯಿತು. 7 ರೂಪಾಯಿಯ ತಟ್ಟೆಗೆ 21 ಪೈಸೆ. ನಮ್ಮ ಲಾಭ ಇದ್ದದ್ದೇ 1.16. ಹಾಗಾಗಿ ನಗದಿಗೊಂದು, ಸಾಲಕ್ಕೊಂದು ಕ್ರಯ ಹೇಳುವುದರಲ್ಲಿ ತಪ್ಪೇನಿಲ್ಲ.

ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಣ್ಣ ಉತ್ಪಾದಕರಿಂದ ಕೊಂಡವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದವಿದ್ದರೂ 45 ದಿನ ದಾಟಬಾರದು. ದಾಟಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಇದಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರಕಾರದ ನೋಂದಣಿ) ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ನೋಂದಣಿ ಸಂಖ್ಯೆ, ಮಾಲು ತಲುಪಿಸಿದ ತಾರೀಕು, ದುಡ್ಡು ಕೊಡಬೇಕಾದ ಕೊನೆಯ ತಾರೀಕು, ಈ ಮೂರನ್ನೂ ಬಿಲ್ಲಿನಲ್ಲೇ ಬರೆದು, ಮಾಲು ಇಳಿಸಿಕೊಂಡವರ ಸಹಿ ತೆಗೊಳ್ಳಿ.