‘ಸಾಮಾನ್ಯರ ಸಭೆ’ಯ ಸಾಮಾನ್ಯರು ಯಾರು?

ಬ್ರಿಟನ್ ಸಂಸತ್ತಿನ ಕೆಳಮನೆಯಾದ ‘ಹೌಸ್ ಆಫ್ ಕಾಮನ್ಸ್’ ಅನ್ನು ಕನ್ನಡದಲ್ಲಿ ‘ಸಾಮಾನ್ಯರ ಸಭೆ’ ಎಂದು ಬರೆಯುವ ರೂಢಿಯಿದೆ. ಹಾಗೆ ಬರೆದೊಡನೆ ರೈತರು, ಕೂಲಿಕಾರರು, ಬಡವರು ಕೂಡಿದ ಸಭೆಯೊಂದು ಕಣ್ಮುಂದೆ ನಿಲ್ಲುತ್ತದೆ. ಆದರೆ ಆ ಮನೆ ಹುಟ್ಟಿದಾಗ ಅದರ ಹೆಸರಿಗೆ ಈ ಅರ್ಥ ಇರಲೇ ಇಲ್ಲ.

‘ಕಾಮನ್ಸ್’ ಎಂಬುದರ ಹಿಂದಿರುವುದು ಮಧ್ಯಯುಗದ ಇಂಗ್ಲೆಂಡಿನ ಆಳುವವರು ಆಡುತ್ತಿದ್ದ ಫ್ರೆಂಚಿನ ‘ಕಮ್ಯೂನ್’ ಎಂಬ ಪದ. ಅದರ ಅರ್ಥ ಸಮುದಾಯ. ಒಂದೊಂದು ಕೌಂಟಿಯೂ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಒಂದೊಂದು ಪಟ್ಟಣವೂ ಒಂದು ಸಮುದಾಯವೆನಿಸಿಕೊಂಡಿದ್ದವು. 1265ರಲ್ಲಿ, ಅರಸನ ವಿರುದ್ಧ ಬಂಡೆದ್ದಿದ್ದ ಪ್ರಭು ಸೈಮನ್ ಡಿ ಮಾಂಟ್‌ಫರ್ಟ್ ಕೂಡಿಸಿದ ಸಂಸತ್ತಿಗೆ ಕೌಂಟಿಗಳಿಂದ, ಪ್ರಭುಗಳಿಗಿಂತ ಕೆಳಗಿನ ಗೌರವಪದವಿಯವರಾದ, ತಲಾ ಇಬ್ಬರು ನೈಟ್‌ಗಳನ್ನೂ ಆಯ್ದ ಪಟ್ಟಣಗಳಿಂದ ಪೌರರನ್ನೂ ಕರೆಸಲಾಯಿತು. ದೊಡ್ಡ ಪ್ರಭುಗಳಿಗೆ ಅವರವರ ಹೆಸರಿನಲ್ಲೇ ಕರೆಯೋಲೆ ಹೋಗುತ್ತಿತ್ತು, ಅವರು ತಮ್ಮ ಪರವಾಗಿಯೇ ಬರುತ್ತಿದ್ದರು. ನೈಟ್‌ಗಳೂ ಪೌರರೂ ತಮ್ಮನ್ನು ಕಳುಹಿಸಿದ ಸಮುದಾಯದ ಪರವಾಗಿ ಬರುತ್ತಿದ್ದರು. ಪ್ರಭುಗಳ ಮೇಲ್ಮನೆ, ಸಾಮಾನ್ಯರ ಕೆಳಮನೆ ಎಂಬ ಎರಡು ಮನೆಗಳ ನಡುವಿನ ಮೂಲ ಭೇದ ಇದೇ ಎಂದು ನನ್ನ ತಿಳಿವಳಿಕೆ. 1341ರಿಂದ ನೈಟ್‌ಗಳೂ ಪೌರರೂ ಪ್ರಭುಗಳಿಂದ ಬೇರೆಯಾಗಿ ಕುಳಿತು ಸಮಾಲೋಚಿಸತೊಡಗಿದರು. ಸಂಸ್ಕೃತದ ‘ಸಾಮಾನ್ಯ’ಕ್ಕೂ ‘ಎಲ್ಲರಿಗೂ ಸೇರಿದ್ದು’ ಎಂಬ ಹಳೆಯ ಅರ್ಥವಿರುವುದರಿಂದ, ನಮ್ಮ ಅನುವಾದ ತಪ್ಪೆನ್ನಲಾಗದು. ‘ಕೆಳಸ್ತರದವರು’ ಎಂಬ ಛಾಯೆಯನ್ನು ಮಾತ್ರ ಬದಿಗಿಡಬೇಕು.

ಕಾನೂನಿನಲ್ಲಂತೂ ಪದದ ವ್ಯಾಪ್ತಿ ಅಚ್ಚರಿಪಡುವಷ್ಟು ದೊಡ್ಡದು. ಇಂಗ್ಲೆಂಡಿನ ಪದ್ಧತಿಯಲ್ಲಿ ಪ್ರಭುಪದವಿ ಅದನ್ನು ಹೊಂದಿದವನೊಬ್ಬನದು. ಅವನು ಬದುಕಿರುವವರೆಗೆ ಹಿರಿಯ ಮಗನೂ ಸಾಮಾನ್ಯನೇ. 1770ರಿಂದ 1782ರವರೆಗೆ ಪ್ರಧಾನಿಯಾಗಿದ್ದ ಲಾರ್ಡ್ ನಾರ್ತ್, ‘ಅರ್ಲ್’ ಎಂಬ ಪ್ರಭುಪದವಿ ಹೊಂದಿದವರೊಬ್ಬರ ಮಗ. ‘ಲಾರ್ಡ್’ ಎಂಬುದು ಗೌರವದ ಕರೆಹೆಸರಷ್ಟೇ ಆಗಿದ್ದರಿಂದ ಅವರು ಕುಳಿತದ್ದು ಸಾಮಾನ್ಯರ ಸಭೆಯಲ್ಲೇ. ಇದಕ್ಕೆ ವಿರುದ್ಧವಾದ ಸಂಕಟ ಲೇಬರ್ ಪಕ್ಷದ ಸಂಸದ ಟೋನಿ ಬೆನ್ ಅವರದು: 1960ರಲ್ಲಿ ತಂದೆ ತೀರಿಕೊಂಡಾಗ ವೈಕೌಂಟ್ ಎಂಬ ಪ್ರಭುಪದವಿ ತಾನಾಗಿ ಅವರ ಮೇಲೆ ಬಿದ್ದು, ಪ್ರಭುಗಳು ಸಾಮಾನ್ಯರ ಸಭೆಯಲ್ಲಿ ಕೂರುವಂತಿರಲಿಲ್ಲವಾದ್ದರಿಂದ ಜನರು ಆರಿಸಿದ್ದ ಸ್ಥಾನ ಕೈತಪ್ಪಿತು. ವಂಶದಿಂದ ಬಂದ ಪದವಿಯನ್ನು ತ್ಯಜಿಸಿ ಸಾಮಾನ್ಯನಾಗುವ ಹಕ್ಕು 1963ರ ಕಾಯ್ದೆಯಿಂದ ದೊರೆಯಿತು. ಅವರು ಅದನ್ನು ಕೂಡಲೇ ಬಳಸಿಕೊಂಡರು.

ಈ ಮನೆಯ ಬಲ ತೆರಿಗೆಯಿಂದ ಬಂತು. ಅರಸನಿಗೆ ಹಣ ಬೇಕಾದಾಗಲೆಲ್ಲ ಸಮುದಾಯಗಳ ಒಪ್ಪಿಗೆಯೂ ಬೇಕಿತ್ತು. ಹಣದ ವಿಷಯದಲ್ಲಿ ಕೆಳಮನೆಯದೇ ಮೊದಲ ಮಾತು ಎಂಬ ತತ್ತ್ವವನ್ನು 1407ರಲ್ಲಿ ನಾಲ್ಕನೆಯ ಹೆನ್ರಿ ಒಪ್ಪಿಕೊಂಡನು. ಹಣಕಾಸು ಮಸೂದೆಯನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬೇಕೆನ್ನುವ ನಮ್ಮ ಸಂವಿಧಾನದ 109ನೇ ವಿಧಿಯ ಬೇರು ಅಲ್ಲಿದೆ.

ಆದರೆ ಸಾಮಾನ್ಯರೆನಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ಶತಮಾನಗಳವರೆಗೆ ಮತವೇ ಇರಲಿಲ್ಲ. ಕೌಂಟಿಗಳಲ್ಲಿ ವರ್ಷಕ್ಕೆ 40 ಷಿಲಿಂಗ್ ಉತ್ಪತ್ತಿಯ ಸ್ವಂತ ಭೂಮಿ ಇದ್ದವರಷ್ಟೇ ಮತದಾರರು. 1832ರ ಸುಧಾರಣೆ ಮಧ್ಯಮವರ್ಗದವರೆಗೆ ಬಂದು ನಿಂತಿತು. ಹೆಂಗಸರಿಗೆ ಗಂಡಸರಂತೆಯೇ 21ನೇ ವಯಸ್ಸಿಗೆ ಮತ ದೊರೆತದ್ದು 1928ರಲ್ಲಿ.