ಬೆಳಿಗ್ಗೆ ಮಾತ್ರ ಹೊಗೆ ಬಿಡುವ ಗಾಡಿಗೆ ಬೋರ್ ಮಾಡಿಸಬೇಕಾ?

ಪ್ರಶ್ನೆ: ನನ್ನದು 2004ರ ಹೀರೋ ಹೋಂಡಾ ಸ್ಪ್ಲೆಂಡರ್. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಹೊಗೆ ಬರುತ್ತದೆ. ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ, ಆಮೇಲೆ ದಿನವಿಡೀ ಇಲ್ಲ. ಪಿಕಪ್ ಚೆನ್ನಾಗಿಯೇ ಇದೆ. ಮೆಕ್ಯಾನಿಕ್ ಮಾತ್ರ "ಬೋರ್ ಹೋಗಿದೆ, ಪಿಸ್ಟನ್ ಕಿಟ್ ಹಾಕಿಸಿ" ಅಂತಾರೆ. ಹಾಕಿಸಲೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿದ್ದನ್ನು ನೋಡಿದರೆ ನನಗೆ ಬೋರಿಗಿಂತ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಗಿಂತ, ವಾಲ್ವ್ ಸೀಲ್ ಮೇಲೇ ಅನುಮಾನ ಜಾಸ್ತಿ. ಆದರೆ ಹೊಗೆ ಯಾವ ಬಣ್ಣದ್ದು ಅಂತ ನೀವು ಬರೆದಿಲ್ಲ. ಅದು ಗೊತ್ತಾಗದೆ ಸ್ಪ್ಯಾನರ್ ಕೈಗೆ ತಗೊಳ್ಳಬಾರದು.

ನಾಳೆ ಬೆಳಿಗ್ಗೆ ಒಂದು ಬಿಳಿ ಹಾಳೆ ತಗೊಂಡು ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಅರ್ಧ ನಿಮಿಷ ಸಾಕು. ಬರೀ ನೀರಿನ ಹನಿ ಬಿದ್ದು, ಒಣಗಿದ ಮೇಲೆ ಹಾಳೆ ಹೆಚ್ಚುಕಡಿಮೆ ಮೊದಲಿನ ಹಾಗೇ ಆದರೆ ಅದು ಹೊಗೆಯಲ್ಲ, ಹಬೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಸೈಲೆನ್ಸರ್ ತಣ್ಣಗಿರುವಾಗ ಅದು ಬೆಳ್ಳಗೆ ಕಾಣುತ್ತದೆ. ಜನವರಿ ಚಳಿಯಲ್ಲಿ ಚಿಕ್ಕಮಗಳೂರಿನ ಕಡೆ ಶೋರೂಮಿಂದ ನಿನ್ನೆ ಬಂದ ಗಾಡಿಯೂ ಇದನ್ನು ಬಿಡುತ್ತದೆ. ಬಿಳಿ ಹೊಗೆ ಬಂದರೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಒಳಗೆ ಹೋಗಿದೆ ಅಂತ ವಿಡಿಯೋಗಳಲ್ಲಿ ಹೆದರಿಸ್ತಾರಲ್ಲ, ಅದು ರೇಡಿಯೇಟರ್ ಇರುವ ಇಂಜಿನ್ನಿನ ಮಾತು. ನಿಮ್ಮದು ಗಾಳಿಯಲ್ಲೇ ತಣ್ಣಗಾಗುವ ಇಂಜಿನ್, ಅದರಲ್ಲಿ ಕೂಲೆಂಟೇ ಇಲ್ಲ.

ಹಾಳೆಗೆ ಒಣ ಮಸಿ ಹತ್ತಿದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ. ಚೋಕ್ ಹಾಕಿ ಮರೆತಿರಬಹುದು, ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತುಂಬಿ ಓವರ್ ಆಗ್ತಿರಬಹುದು. ಬೋರಿಗೂ ಇದಕ್ಕೂ ಸಂಬಂಧವಿಲ್ಲ.

ಹಾಳೆಯ ಮೇಲೆ ಜಿಡ್ಡಿನ ಕಲೆ ಉಳಿದು, ಹೊಗೆ ತೆಳು ನೀಲಿಯಾಗಿದ್ದು, ಬಾಣಲೆಯಲ್ಲಿ ಎಣ್ಣೆ ಸೀದ ಹಾಗೆ ವಾಸನೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ನಿಮ್ಮದು ಇದೇ ಇರಬೇಕು ಅಂತ ನನ್ನ ಲೆಕ್ಕ.

ಸಿಲಿಂಡರನ್ನು ಮುಚ್ಚುವ ಭಾಗಕ್ಕೆ ಹೆಡ್ ಅಂತಾರೆ, ಅದರಲ್ಲಿ ಎರಡು ವಾಲ್ವ್ ಇವೆ. ಅವುಗಳ ಉದ್ದನೆಯ ಕಡ್ಡಿ ಗೈಡ್ ಅನ್ನುವ ಸಣ್ಣ ಕೊಳವೆಯೊಳಗೆ ಹೋಗಿ ಬಂದು ಮಾಡುತ್ತದೆ. ಹೆಡ್ ಒಳಗೆಲ್ಲ ಆಯಿಲ್ ಓಡಾಡುತ್ತಿರುತ್ತದೆ. ಅದು ಕಡ್ಡಿಯ ಜೊತೆ ಒಳಗೆ ಜಾರದಂತೆ ಒರೆಸಿ ತಡೆಯಲು ಗೈಡ್ ತುದಿಗೆ ಟೋಪಿಯ ಹಾಗೆ ಒಂದು ರಬ್ಬರ್ ಸೀಲ್. ವರ್ಷಗಟ್ಟಲೆ ಬಿಸಿ ತಿಂದು ಆ ರಬ್ಬರ್ ಗಟ್ಟಿಯಾಗುತ್ತದೆ, ಹಿಡಿತ ಬಿಡುತ್ತದೆ. ರಾತ್ರಿ ಗಾಡಿ ನಿಂತಾಗ ಹೆಡ್‌ನಲ್ಲಿ ಉಳಿದ ಆಯಿಲ್ ಸಂದಿಯಲ್ಲಿ ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಇಂಜಿನ್ ಓಡಿದ ಕೂಡಲೇ ಅದಷ್ಟೂ ಉರಿದು ಹೊಗೆಯಾಗುತ್ತದೆ. ಇಳಿದಿದ್ದು ಮುಗಿಯಿತು, ಹೊಗೆಯೂ ಮುಗಿಯಿತು.

ಬೋರ್ ಹೋಗಿ, ಪಿಸ್ಟನ್ ಸುತ್ತ ಇರುವ ರಿಂಗ್ ಸವೆದರೆ ಕಥೆಯೇ ಬೇರೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ, ಥ್ರಾಟಲ್ ಜಾಸ್ತಿ ಮಾಡಿದಾಗ ಹೊಗೆ ಬರುತ್ತಲೇ ಇರುತ್ತದೆ. ಪಿಕಪ್ ಬೀಳುತ್ತದೆ. ಸೀಲ್ ಹೋದದ್ದು ಗೊತ್ತಾಗುವುದು ಇಳಿಜಾರಿನಲ್ಲಿ. ಚಾರ್ಮಾಡಿ ಘಾಟಿಯಂಥ ಕಡೆ ಥ್ರಾಟಲ್ ಪೂರ್ತಿ ಬಿಟ್ಟು, ಗೇರಿನಲ್ಲೇ ಒಂದಷ್ಟು ದೂರ ಇಳಿಯಿರಿ. ಆಮೇಲೆ ಥ್ರಾಟಲ್ ಕೊಟ್ಟು ಕನ್ನಡಿ ನೋಡಿ. ಗಪ್ಪನೆ ಒಂದು ಗುಪ್ಪೆ ಹೊಗೆ ಬಂದು ನಿಂತರೆ ಸೀಲ್ ಅಥವಾ ಗೈಡ್. ಥ್ರಾಟಲ್ ಬಿಟ್ಟಾಗ ಇಂಜಿನ್ ಎಳೆಯುವ ರಭಸಕ್ಕೆ ಆಯಿಲ್ ವಾಲ್ವ್ ಪಕ್ಕದಿಂದ ಒಳಗೆ ಬರುತ್ತದೆ, ಅದಕ್ಕೇ.

ಗ್ಯಾರೇಜಿನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡುವಾಗ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡುವ ಪದ್ಧತಿ ಇದೆ. ಒತ್ತಡ ಏರಿದರೆ ರಿಂಗ್ ಸವೆದಿದೆ ಅಂತ. ಬುಲೆಟ್ಟಿನಂಥ ನೆಟ್ಟಗೆ ನಿಂತ ಸಿಲಿಂಡರಿಗೆ ಅದು ಸರಿ. ಸ್ಪ್ಲೆಂಡರಿನ 97.2 ಸಿಸಿ ಇಂಜಿನ್ನಿನಲ್ಲಿ ಸಿಲಿಂಡರ್ ಮುಂದಕ್ಕೆ ಮಲಗಿದೆ ನೋಡಿ, ಹಾಕಿದ ಆಯಿಲ್ ಒಂದೇ ಪಕ್ಕಕ್ಕೆ ನಿಲ್ಲುತ್ತದೆ, ರಿಂಗಿನ ಸುತ್ತ ಹರಡುವುದಿಲ್ಲ. ಆ ಒಂದು ಪರೀಕ್ಷೆ ನೋಡಿ ತೀರ್ಮಾನಕ್ಕೆ ಬರಬೇಡಿ.

ಇಷ್ಟೆಲ್ಲ ಹೇಳುತ್ತಿರುವ ನಾನೇ ಒಮ್ಮೆ ಬೇಸ್ತು ಬಿದ್ದವನು. ಅಪ್ಪನ ಗಾಡಿಗೆ ಇದೇ ಥರ ಹೊಗೆ. ಗ್ಯಾರೇಜಿನವರು ಹೇಳಿದರು, ತಲೆಯಾಡಿಸಿದೆ. ಬೋರ್ ಆಯಿತು, ಹೊಸ ಪಿಸ್ಟನ್ ಬಂತು, ಅಪ್ಪ ತಿಂಗಳುಗಟ್ಟಲೆ ನಲವತ್ತರ ಮೇಲೆ ಓಡಿಸಲಿಲ್ಲ. ಆದರೆ ಮೂರನೇ ದಿನ ಬೆಳಿಗ್ಗೆಯೇ ಅದೇ ನೀಲಿ ಹೊಗೆ ಬಂದಿತ್ತು. "ವಾಲ್ವ್ ಸೀಲ್ ಹಾಕಿದ್ರಾ?" ಅಂತ ಕೇಳಿದರೆ, "ಅದು ಚೆನ್ನಾಗೇ ಇತ್ತಲ್ಲ ಸಾರ್" ಅಂದರು. ಮೊದಲೇ ಕೇಳದಿದ್ದದ್ದು ನನ್ನ ತಪ್ಪೂ ಹೌದು.

ಇನ್ನೊಂದು. ಇತ್ತೀಚೆಗೆ ಆಯಿಲ್ ಚೇಂಜ್ ಮಾಡಿಸಿದ್ದೀರಾ? ಅಳತೆ ಮೀರಿ ಸುರಿದಿದ್ದರೂ ಹೊಗೆ ಬರಬಹುದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಬಿಡಿ. ಗೇಜ್ (ಆಯಿಲ್ ಮುಚ್ಚಳಕ್ಕಿರುವ ಅಳತೆ ಕಡ್ಡಿ) ಒರೆಸಿ, ತಿರುಗಿಸದೆ ಸುಮ್ನೆ ಒಳಗೆ ಇಳಿಸಿ ತೆಗೆಯಿರಿ. ತಿರುಗಿಸಿ ಬಿಗಿ ಮಾಡಿದರೆ ಆಯಿಲ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಎರಡು ಗೆರೆಗಳ ಮಧ್ಯೆ ಇದ್ದರೆ ಸರಿ. ಇವತ್ತಿನ ಗುರುತು ಬರೆದಿಟ್ಟು 500 ಕಿ.ಮೀ. ಓಡಿದ ಮೇಲೆ ಮತ್ತೆ ನೋಡಿ. ಅಷ್ಟಾಗಿ ಇಳಿದಿಲ್ಲವಾದರೆ ಅವಸರವೇನೂ ಇಲ್ಲ, ವಾರಕ್ಕೊಮ್ಮೆ ಗೇಜ್ ನೋಡಿಕೊಂಡು ಓಡಿಸಬಹುದು. ಈ ಇಂಜಿನ್ನಿಗೆ ಹೇಳಿರುವುದು 10ಡಬ್ಲ್ಯೂ-30 ಆಯಿಲ್. ದಪ್ಪ ಆಯಿಲ್ ಹಾಕಿ ಹೊಗೆ ಮುಚ್ಚುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳ್ತಾರೆ. ಗಾಡಿ ಮಾರುವವರಿಗೆ ಆದೀತು.

(ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಟೂ ಸ್ಟ್ರೋಕಿನಲ್ಲಿ ಆಯಿಲ್ ಉರಿಯಬೇಕಾದದ್ದೇ. ಹೊಗೆ ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತ, ಗೇರ್ ಆಯಿಲ್ ಕಮ್ಮಿಯಾಗುತ್ತಿದ್ದರೆ ಮಾತ್ರ ಕ್ರ್ಯಾಂಕಿನ ಆಯಿಲ್ ಸೀಲ್ ನೋಡಿಸಿ.)

ಕೆಲಸ ಮಾಡಿಸುವುದಾದರೆ ಮೊದಲು ಹೆಡ್ ಮಾತ್ರ ಬಿಚ್ಚಿಸಿ, ಪಕ್ಕದಲ್ಲೇ ನಿಂತಿರಿ. ಪಿಸ್ಟನ್ ತಲೆ ನೋಡಿ. ಮಧ್ಯೆ ಕರಿ ಇದ್ದು ಅಂಚಿನ ಸುತ್ತ ತೊಳೆದ ಹಾಗೆ ಹೊಳೆಯುತ್ತಿದ್ದರೆ ಆಯಿಲ್ ರಿಂಗಿನ ಕಡೆಯಿಂದಲೇ ಬರುತ್ತಿದೆ, ಮೆಕ್ಯಾನಿಕ್ ಹೇಳಿದ್ದೇ ಸರಿ. ಪಿಸ್ಟನ್ ಕೆಳಗಿಳಿಸಿ ಬೋರಿನ ಗೋಡೆಗೆ ಬೆರಳಾಡಿಸಿ, ಉಗುರಿಗೆ ಸಿಗುವ ಗೀರಿದೆಯಾ ನೋಡಿ. ಎರಡೂ ಇಲ್ಲದಿದ್ದರೆ ಎರಡು ವಾಲ್ವ್ ಸೀಲ್, ಹೊಸ ಹೆಡ್ ಗ್ಯಾಸ್ಕೆಟ್ ಹಾಕಿಸಿ. ವಾಲ್ವನ್ನು ಗೈಡಿನೊಳಗೆ ಅಲ್ಲಾಡಿಸಿ ನೋಡಲು ಹೇಳಿ. ಲೊಡಲೊಡ ಅಂದರೆ ಗೈಡೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಸೀಲ್ ಬಹಳ ದಿನ ಬಾಳುವುದಿಲ್ಲ. ಸೀಲಿನ ಬೆಲೆ ಏನೂ ಅಲ್ಲ, ದುಡ್ಡೆಲ್ಲ ಬಿಚ್ಚಿ ಕಟ್ಟುವ ಕೂಲಿಯದು.

ಹಳೇ ಸೀಲುಗಳನ್ನು ವಾಪಸ್ ಕೇಳಿ ಇಸ್ಕೊಳ್ಳಿ. ಹೊಸದರ ಪಕ್ಕ ಇಟ್ಟು ಉಗುರಿನಿಂದ ಒತ್ತಿ ನೋಡಿ. ಹೊಸದು ಒತ್ತಿದರೆ ಮೆತ್ತಗೆ ತಗ್ಗುತ್ತದೆ. ಹಳೇದು ಶರ್ಟಿನ ಗುಂಡಿಯಷ್ಟು ಗಟ್ಟಿಯಾಗಿದ್ದರೆ ನಿಮ್ಮ ಹೊಗೆಯ ಮೂಲ ಅದೇ.