ಕೋಬ್ ಅಂಡ್ ಕೋ ಕೋಚ್‌ಗಳು: ಕುದುರೆ ಲೆಕ್ಕ ಹಿಡಿದರೆ ಪಾಠ ಹಿಡಿದ ಹಾಗೆ

ಆಸ್ಟ್ರೇಲಿಯಾದ ಚಿನ್ನದ ಕಥೆ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬರೆಯಲ್ಲ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು, ಜನ ನುಗ್ಗಿದರು. 1853ರಲ್ಲಿ ಅಮೆರಿಕದಿಂದ ಬಂದಿದ್ದ ನಾಲ್ವರು ಯುವಕರು ಮೆಲ್ಬರ್ನ್‌ನಲ್ಲಿ ಕೋಬ್ ಅಂಡ್ ಕೋ ಕಂಪನಿ ಕಟ್ಟಿದರು; ಕೋಚ್ ಅಂದರೆ ಕುದುರೆ ಎಳೆಯುವ ಪ್ರಯಾಣಿಕರ ಗಾಡಿ ಓಡಿಸುವ ಕಂಪನಿ. 1854ರ ಜನವರಿ 30ಕ್ಕೆ ಮೊದಲ ಕೋಚ್ ಗಣಿಗಳ ಕಡೆ ಹೊರಟಿತು.

ಗಾಡಿ ಬಗ್ಗೆ ಎರಡೇ ಮಾತು. ಅದರ ಮೈಯನ್ನು ಉಕ್ಕಿನ ಸ್ಪ್ರಿಂಗ್ ಮೇಲೆ ಕೂರಿಸಿರಲಿಲ್ಲ. ದಪ್ಪ ಚರ್ಮದ ಪಟ್ಟಿಗಳನ್ನು ಪದರ ಪದರವಾಗಿ ಜೋಡಿಸಿ, ಅದರ ಮೇಲೆ ತೊಟ್ಟಿಲ ಹಾಗೆ ತೂಗುಹಾಕಿದ್ದರು. ಹಳ್ಳಕ್ಕೆ ಬಿದ್ದರೆ ಗಾಡಿ ತೂಗಾಡುತ್ತಿತ್ತು, ಮುರಿಯುತ್ತಿರಲಿಲ್ಲ. ಗಾಡಿ ಎಳೆಯುವ ನಾಲ್ಕು ಕುದುರೆಗಳಲ್ಲಿ ಮೂಕಿಯ ಎರಡು ಪಕ್ಕ ಕಟ್ಟುವ ಹಿಂದಿನ ಜೋಡಿ ಗಟ್ಟಿಮುಟ್ಟಾಗಿರಬೇಕು, ಯಾಕೆಂದರೆ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುವುದು ಅವೇ. ಮುಂದಿನ ಜೋಡಿ ಚುರುಕಾಗಿದ್ದರೆ ಸಾಕು.

ಈಗ ನಾನು ಎರಡು ದಿನ ಒದ್ದಾಡಿದ ಜಾಗ. ಮೆಲ್ಬರ್ನ್‌ನಿಂದ ಚಿನ್ನದ ಗಣಿಗಳ ಊರು ಬೆಂಡಿಗೊಗೆ ಸುಮಾರು 150 ಕಿಲೋಮೀಟರ್. ದಾರಿಯಲ್ಲಿ ಸುಮಾರು 16 ಕಿಲೋಮೀಟರಿಗೊಂದು ಲಾಯ, ಅಲ್ಲಿ ಕುದುರೆ ಬದಲಾವಣೆ. ಇಲ್ಲಿವರೆಗೆ ಸರಿ. ಆದರೆ ಬಿಚ್ಚಿದ ಕುದುರೆಗಳು ಏನಾಗುತ್ತವೆ? ಅವು ಖಾಲಿ ನಡೆದು ತಮ್ಮ ಲಾಯಕ್ಕೆ ವಾಪಸ್ ಬರುತ್ತವೆ ಅಂದುಕೊಂಡಿದ್ದೆ. ಹಾಗಾದರೆ ಅರ್ಧ ದುಡಿಮೆ ದಂಡ ಅಲ್ವಾ?

ಹಾಗಲ್ಲ. ಒಂದೇ ಒಂದು ಹಂತ ತೆಗೆದುಕೊಳ್ಳಿ. ಆ ತುದಿ ಒಂದು ಲಾಯ, ಈ ತುದಿ ಒಂದು ಲಾಯ. ದಿನಕ್ಕೆ ಒಂದು ಕೋಚ್ ಹೋಗುತ್ತದೆ, ಒಂದು ಬರುತ್ತದೆ ಅಂತಿಟ್ಟುಕೊಳ್ಳಿ. ಬೆಳಗ್ಗೆ ಈ ತುದಿಯಲ್ಲಿ ನಾಲ್ಕು ಕುದುರೆಗಳ ಒಂದು ತಂಡ, ಆ ತುದಿಯಲ್ಲಿ ನಾಲ್ಕರ ಇನ್ನೊಂದು ತಂಡ. ಈ ತಂಡ ಹೋಗುವ ಕೋಚನ್ನು ಎಳೆದು ಆ ತುದಿ ಸೇರುತ್ತದೆ. ಆ ತಂಡ ಬರುವ ಕೋಚನ್ನು ಎಳೆದು ಈ ತುದಿಗೆ ಬರುತ್ತದೆ. ಸಂಜೆಗೆ ಎರಡೂ ಜಾಗ ಅದಲುಬದಲು. ರಾತ್ರಿ ಮೇವು, ವಿಶ್ರಾಂತಿ. ಮರುದಿನ ಮತ್ತೆ ಅದೇ. ಖಾಲಿ ನಡಿಗೆಯೇ ಇಲ್ಲ! ಒಂದು ಕುದುರೆಗೆ ಮೆಲ್ಬರ್ನೂ ಗೊತ್ತಿಲ್ಲ, ಬೆಂಡಿಗೊನೂ ಗೊತ್ತಿಲ್ಲ. ತನ್ನ 16 ಕಿಲೋಮೀಟರಿನ ಒಂದೊಂದು ತಿರುವೂ ಗೊತ್ತು.

ಇಲ್ಲಿಂದ ನನ್ನ ಸುಲಭ ಸೂತ್ರ: ಹಂತಗಳು, ಗುಣಿಸು ದಿನದ ಓಟಗಳು, ಗುಣಿಸು ನಾಲ್ಕು. ಹಂತ 9, ಓಟ 2, ತಂಡಕ್ಕೆ 4. ಒಟ್ಟು 72. ಕುಂಟುವ, ಕಾಯಿಲೆ ಬೀಳುವ ಕುದುರೆಗಳಿಗೆ ಬದಲಿ ಬೇರೆ. ಬರೀ ಒಂದು ದಾರಿಗೆ, ದಿನಕ್ಕೆ ಒಂದೇ ಜೋಡಿ ಓಟಕ್ಕೆ ಇಷ್ಟು. 1870ರ ಹೊತ್ತಿಗೆ ಕಂಪನಿ ದಿನಕ್ಕೆ 6000 ಕುದುರೆ ಕಟ್ಟುತ್ತಿತ್ತು ಅಂತ ಓದಿದಾಗ ಮೊದಲು ನಂಬಿರಲಿಲ್ಲ. ಸೂತ್ರ ಹಾಕಿ ನೋಡಿದ ಮೇಲೆ ನಂಬಿದೆ.

ಸರಿ, ಇಷ್ಟು ಕುದುರೆ ಬಂದದ್ದು ಎಲ್ಲಿಂದ? ಚಿನ್ನ ಸಿಕ್ಕ ಮೇಲೆ ಜಾಸ್ತಿ ಸಾಕಿದರು ಅಂತ ಬರೆದರೆ ತಪ್ಪು. ಕುದುರೆಗೆ ಗರ್ಭ 11 ತಿಂಗಳು. ಮರಿ ಗಾಡಿಗೆ ಬರಬೇಕಾದರೆ ಸುಮಾರು ನಾಲ್ಕು ವರ್ಷ ತುಂಬಬೇಕು. 1851ರ ಕೊನೆಗೆ ಗಬ್ಬ ಕಟ್ಟಿದರೆ ಮರಿ ಹುಟ್ಟುವುದು 1852ರ ಕೊನೆಗೆ, ಗಾಡಿ ಎಳೆಯುವುದು 1856ರ ಕೊನೆಗೆ. ಅಷ್ಟರಲ್ಲಿ ಆ ನಾಲ್ವರಲ್ಲಿ ಒಬ್ಬರಾದ ಫ್ರೀಮನ್ ಕೋಬ್ ವ್ಯವಹಾರ ಮಾರಿ ಅಮೆರಿಕಕ್ಕೆ ಹೋಗಿಯೇ ಆಗಿತ್ತು. ಅಂದರೆ 1854ರ ಕೋಚ್ ಎಳೆದ ಕುದುರೆಗಳು ಹುಟ್ಟಿದಾಗ ಚಿನ್ನದ ಸುದ್ದಿಯೇ ಇರಲಿಲ್ಲ.

ಅವನ್ನು ಸಾಕಿದ್ದು ಬೇರೆ ಕೆಲಸಕ್ಕೆ. 1788ರಲ್ಲಿ ಬ್ರಿಟನ್ನಿನಿಂದ ನೆಲಸಲು ಬಂದವರ ಮೊದಲ ಹಡಗುಗಳು ದಕ್ಷಿಣ ಆಫ್ರಿಕಾದ ಕೇಪ್‌ನಿಂದ ತಂದದ್ದು ಏಳೇ ಕುದುರೆ. ಆಮೇಲೆ ಇಂಗ್ಲೆಂಡಿನ ಥರೋಬ್ರೆಡ್ (ರೇಸ್ ಕುದುರೆ ತಳಿ), ಅರಬ್ಬಿ, ತಿಮೋರ್ ತಟ್ಟು ಎಲ್ಲ ಬೆರೆತವು. ದೊಡ್ಡ ದೊಡ್ಡ ಕುರಿ ಹುಲ್ಲುಗಾವಲುಗಳಲ್ಲಿ ದಿನವಿಡೀ ಓಡಾಡಿ ಗಟ್ಟಿಯಾದವು. ಇನ್ನೊಬ್ಬ ದೊಡ್ಡ ಗಿರಾಕಿ ಯಾರು ಗೊತ್ತಾ? ಇಂಡಿಯಾದ ಸೈನ್ಯ. 1840ರ ದಶಕದಲ್ಲಿ ಹಡಗುಗಟ್ಟಲೆ ಕುದುರೆ ಮದ್ರಾಸು, ಕಲ್ಕತ್ತಕ್ಕೆ ಬಂದವು. ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದಕ್ಕೆ ‘ವೇಲರ್’ ಅಂತ ಹೆಸರಿಟ್ಟದ್ದೂ ಇಲ್ಲೇ. ನಮ್ಮ ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಮದ್ರಾಸು ಸೈನ್ಯದ ರಿಮೌಂಟ್ ಡಿಪೊ ಇತ್ತು. ಅಂದರೆ ಸೈನ್ಯಕ್ಕೆ ಕೊಂಡ ಹೊಸ ಕುದುರೆಗಳನ್ನು ಸಾಕಿ ಪಳಗಿಸುವ ಜಾಗ. ಓಟ್ಸ್ ತಿಂದು ಬೆಳೆದ ಕುದುರೆ ಇಲ್ಲಿಗೆ ಬಂದು ಹುರುಳಿ ಅಭ್ಯಾಸ ಮಾಡಿಕೊಳ್ಳಬೇಕಿತ್ತು.

ಕೊನೆ ಭಾಗ ಬೇಗ ಮುಗಿಸುತ್ತೇನೆ. 1862ರಲ್ಲಿ ಬೆಂಡಿಗೊಗೆ ರೈಲು ಬಂತು. ಅದೇ ವರ್ಷ ಆಗ ಕಂಪನಿ ನಡೆಸುತ್ತಿದ್ದ ಜೇಮ್ಸ್ ರುದರ್‌ಫರ್ಡ್ ಕೋಚು, ಕುದುರೆಗಳ ಸಮೇತ ನ್ಯೂ ಸೌತ್ ವೇಲ್ಸ್‌ನ ಬಾಥರ್ಸ್ಟ್‌ಗೆ ಹೋದರು. ಎರಡೂ ಘಟನೆ ಒಟ್ಟಿಗೆ ನೆನಪಿಡಿ. ರೈಲು ಮುಂದೆ ಬಂದಷ್ಟೂ ಕೋಚ್ ಇನ್ನೂ ಒಳನಾಡಿಗೆ ಸರಿಯುತ್ತಿತ್ತು. ಕೊನೆಯ ಕುದುರೆ ಕೋಚ್ ಓಡಿದ್ದು ಕ್ವೀನ್ಸ್‌ಲ್ಯಾಂಡ್‌ನ ಸುರಾಟ್ ಮತ್ತು ಯೂಲೆಬಾ ನಡುವೆ, 1924ರ ಆಗಸ್ಟ್ 14ರಂದು.